ತೇಪೆಯ ಅಡಿಯ ಎರಡು ಸಾಲು

“ಚೆಲ್ಲೋ ಇವತ್ತು ಕೊಡೋಕಾಗಲ್ಲ ಅಂದ್ರೆ ಏನರ್ಥ, ಡಾಕ್ಟ್ರೇ?”

ಯಾರ್ಮಿಲಾ ಕೈಗವಸನ್ನೂ ಕಳಚದೆ ಬಾಗಿಲಲ್ಲೇ ನಿಂತಿದ್ದಳು. ಪ್ರಾಗ್‌ನ ಆ ಇಳಿಜಾರು ಓಣಿಯಲ್ಲಿ ತಂತಿವಾದ್ಯ ದುರಸ್ತಿ ಮಾಡುವ ರಾದಿಮ್ ಹನ್ನೊಂದು ವರ್ಷದಿಂದ ಅವಳಿಗೆ ಡಾಕ್ಟ್ರು. ಅವಳು ನುಡಿಸುವ, ಸರ್ಕಾರಿ ಭಂಡಾರಕ್ಕೆ ಸೇರಿದ, ಆಳೆತ್ತರದ ಪಿಟೀಲಿನಂಥ ಹಳೆಯ ಚೆಲ್ಲೋ ಇಬ್ಬರಿಗೂ ‘ಮುದುಕ’.

“ಮುದುಕನಿಗೆ ಸಣ್ಣ ಕೆಲಸ ಬಾಕಿ ಇದೆ.”

“ನಿನ್ನೆ ಎಲ್ಲ ಸರಿಯಾಗಿದೆ ಅಂದ್ರಿ. ಗುರುವಾರ ವಾದ್ಯ ಹೊರದೇಶಕ್ಕೆ ಒಯ್ಯೋ ತಪಾಸಣೆ. ಭಾನುವಾರ ವಿಯೆನ್ನಾ ರೈಲು.” ಅವಳ ಕಣ್ಣು ಕಿರಿದಾಯಿತು. “ನಾನು ಹೋಗೋದು ನಿಮಗೆ ಇಷ್ಟ ಇಲ್ಲ. ಹೌದು ತಾನೆ?”

ಗಡಿ ದಾಟಿದವರು ತಿರುಗಿ ಬಾರದ ಕಾಲ. ಅವಳು ಹೋಗಲಿ ಎಂದು ರಾದಿಮ್ ಬೆಳಗಿನ ಪ್ರಾರ್ಥನೆಯಲ್ಲಿ ಬೇಡುತ್ತಿದ್ದ. ತಿರುಗಿ ಬರಲಿ ಎಂದು ಸಂಜೆಯದರಲ್ಲಿ.

ಹೊರಗೆ ಮೆಟ್ಟಿಲು ಗುಡಿಸುತ್ತಿದ್ದ, ಕೇಳಿದ್ದನ್ನೆಲ್ಲ ಪೊಲೀಸರಿಗೆ ಮುಟ್ಟಿಸುವ ಕಟ್ಟಡದ ಮೇಲ್ವಿಚಾರಕಿಯ ಪೊರಕೆ ಸದ್ದು ನಿಂತಿತು. ರಾದಿಮ್ ಬಾಗಿಲು ಮುಚ್ಚಿ ರೇಡಿಯೋ ಜೋರು ಮಾಡಿದ.

“ಕೂತ್ಕೊಳ್ಳಿ. ವಾದ್ಯ ಬಿಚ್ಚಿದವರು ಒಳಗಡೆ ಪೆನ್ಸಿಲ್‌ನಲ್ಲಿ ಹೆಸರು, ತಾರೀಕು ಬರೀತೀವಿ. ಅದು ನಮ್ಮ ರೂಢಿ. ಮುಂದೆ ಯಾವತ್ತೋ ಬಿಚ್ಚುವವನಿಗೆ ಬಿಟ್ಟರೆ ಯಾರಿಗೂ ಕಾಣಲ್ಲ.”

“ಗೊತ್ತು. ಅದಕ್ಕೇನೀಗ?”

“ನಾಲ್ಕು ವರ್ಷದ ಹಿಂದೆ, ಅರವತ್ತೆಂಟರ ಆಗಸ್ಟ್‌ನಲ್ಲಿ, ಮುದುಕ ಇದೇ ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿದ್ದ. ಅವತ್ತು ನಾನು ಹೆಸರಿನ ಜೊತೆ ಇನ್ನೂ ಎರಡು ಸಾಲು ಬರೆದೆ.” ಅವನ ದನಿ ಇಳಿಯಿತು. “ಈ ಸಲ ಬರುವ ಅಧಿಕಾರಿ ಒಳಗೆ ಕನ್ನಡಿ ಬಿಟ್ಟು ನೋಡ್ತಾನಂತೆ. ಇವತ್ತು ಬೆಳಿಗ್ಗೆಯಷ್ಟೇ ಗೊತ್ತಾಯ್ತು.”

ಸರ್ಕಾರದ ವಿರುದ್ಧ ಒಂದೇ ಒಂದು ಕಾಗದಕ್ಕೆ ಸಹಿ ಹಾಕಿದ, ಪಿಟೀಲು ನುಡಿಸುವ ಅವಳ ಗೆಳೆಯ ಈಗ ಆಸ್ಪತ್ರೆಯ ಬಾಯ್ಲರ್‌ಗೆ ಕಲ್ಲಿದ್ದಲು ತುಂಬುತ್ತಿದ್ದ. ಅವನ ಬೆರಳುಗಳನ್ನು ಅವಳು ಹೋದ ತಿಂಗಳು ನೋಡಿದ್ದಳು.

“ಬಿಚ್ಚಿ,” ಎಂದಳು.

ತೆಳ್ಳನೆಯ ಚಾಕು ಅಂಟಿನ ಗೆರೆಗುಂಟ ನಡೆಯಿತು. ಒಂದೊಂದು ‘ಟಕ್’ ಸದ್ದಿಗೂ ಇಬ್ಬರೂ ಬಾಗಿಲ ಕಡೆ ನೋಡಿದರು. ಕೊನೆಗೆ ಮೇಲ್ಹಲಗೆ ಎದ್ದು ಬಂತು. ಅವಳು ದೀಪ ಹಿಡಿದು ಬಾಗಿದಳು.

‘ಬೀದಿಯಲ್ಲಿ ಪರದೇಶದ ಟ್ಯಾಂಕುಗಳು. ಯಾರ್ಮಿಲಾ ಎಲ್ಲಿದ್ದಾಳೋ ತಿಳಿಯದು. ದೇವರೇ, ನನ್ನ ಆಯುಸ್ಸು ತೆಗೆದು ಅವಳಿಗೆ ಕೊಡು.’

ರೇಡಿಯೋದಲ್ಲಿ ಯಾರೋ ಬೀಟ್‌ರೂಟ್ ಬೆಳೆಯ ಗುರಿ ಓದುತ್ತಿದ್ದರು. ರಾದಿಮ್ ತನ್ನ ಚಾಕುವನ್ನೇ ನೋಡುತ್ತ ನಿಂತ.

“ನಾಲ್ಕು ವರ್ಷ,” ಎಂದಳು ಅವಳು. “ಇದನ್ನ ಎದೆಗಾನಿಸಿಕೊಂಡು ನುಡಿಸಿದೀನಿ. ಹೇಳೋಕೆ ಬಾಯಿರಲಿಲ್ವಾ ನಿಮಗೆ?”

“ಕೆರೆದುಬಿಡ್ತೀನಿ. ಐದು ನಿಮಿಷ.”

“ಮುಟ್ಟಿದ್ರೆ ನೋಡಿ!” ಅವಳ ಅಂಗೈ ಬರಹದ ಮೇಲೆ ಬಿತ್ತು. “ಬಿರುಕಿಗೆ ಮರದ ತೇಪೆ ಹಾಕ್ತೀರಲ್ಲ, ಹಾಕಿ. ಅಡಿಯಲ್ಲಿ ಇರಲಿ.”

ಅವನು ತೇಪೆ ಕೊಯ್ದ. ಅವಳು ಅದನ್ನು ಕಿತ್ತುಕೊಂಡು, ಬೆನ್ನು ತಿರುಗಿಸಿ, ಅಡಿಮೈಗೆ ಪೆನ್ಸಿಲ್‌ನಲ್ಲಿ ಏನೋ ಗೀಚಿದಳು.

“ಕಣ್ಣು ಮುಚ್ಚಿಕೊಂಡು ಅಂಟಿಸಿ, ಡಾಕ್ಟ್ರೇ. ಕದ್ದು ನೋಡಿದ್ರೆ ಮುದುಕನ ಆಣೆ.”

ಅವನು ಕುರುಡನಂತೆ ಅಂಟಿಸಿದ. ಬಿಸಿ ಅಂಟಿನಲ್ಲಿ ಬೆರಳು ಜಾರಿದಾಗ ಅವಳ ಕೈ ಅದನ್ನು ಜಾಗಕ್ಕೆ ತಂದಿತು, ಬೇಕಾದುದಕ್ಕಿಂತ ಒಂದು ಗಳಿಗೆ ಹೆಚ್ಚೇ ನಿಂತಿತು.

ಗುರುವಾರ ಅಂಗಡಿಗೆ ಬಂದ ಅಧಿಕಾರಿ ಹಲ್ಲಿನ ವೈದ್ಯರ ಕನ್ನಡಿಯಂಥದ್ದನ್ನು ಒಳಗಿಳಿಸಿದ. ಕನ್ನಡಿ ಸಾಗಿತು, ನಿಂತಿತು.

“ಇಲ್ಲಿ ಹೊಸ ತೇಪೆ ಇದೆಯಲ್ಲ?”

“ಬಿರುಕು ಬಿಟ್ಟಿತ್ತು,” ಎಂದ ರಾದಿಮ್.

“ಹೊರಗಡೆ ಗೆರೆಯೇ ಕಾಣ್ತಿಲ್ಲ?”

ಯಾರ್ಮಿಲಾ ನಕ್ಕಳು. “ಕಾಣೋ ಹಾಗೆ ರಿಪೇರಿ ಮಾಡೋರ ಹತ್ರ ನಾನ್ಯಾಕೆ ಬರ್ತೀನಿ, ಸಾಹೇಬ್ರೇ? ಬೇಕಿದ್ರೆ ಕೇಳಿ.” ಅವಳು ಕಮಾನು ಎತ್ತಿ ಕೆಳಗಿನ ತಂತಿಯ ಮೇಲೆ ಒಂದು ದೀರ್ಘ ಸ್ವರ ಎಳೆದಳು. ಸ್ವರ ನಡುಗಲಿಲ್ಲ.

ಮೊಹರು ಬಿತ್ತು.

ಆಮೇಲಿನ ಭಯವೇ ಬೇರೆ. ಒಂದು ವಾರದ ಪ್ರವಾಸ ಹತ್ತು ದಿನವಾಯಿತು, ಹದಿನಾಲ್ಕಾಯಿತು. ಮೇಲ್ವಿಚಾರಕಿ ಮೆಟ್ಟಿಲ ಮೇಲೆ ತಡೆದು, “ನಿಮ್ಮ ಚೆಲ್ಲೋದಮ್ಮ ಅಲ್ಲೇ ಉಳಿದ್ರಂತೆ, ಹೌದಾ?” ಎಂದಳು. ಅವನು ಪ್ರತಿದಿನ ಚರ್ಚಿನ ಹಿಂದಿನ ಸಾಲಿನಲ್ಲಿ ಕೂತ. ಬರಲಿ ಎನ್ನಲು ಹೆದರಿದ. ಬಾರದಿರಲಿ ಎನ್ನಲು ಬಾಯಿ ಬರಲಿಲ್ಲ. ಕಾಪಾಡು ಎಂದಷ್ಟೇ ಬೇಡಿದ.

ಹತ್ತೊಂಬತ್ತನೆಯ ದಿನ ಮೆಟ್ಟಿಲಿನಲ್ಲಿ ದೊಡ್ಡ ಪೆಟ್ಟಿಗೆ ಗೋಡೆಗೆ ತಾಗಿದ ಸದ್ದಾಯಿತು. ಆ ಸದ್ದು ಅವನಿಗೆ ಗೊತ್ತಿತ್ತು.

“ಇನ್ನೆರಡು ಊರಲ್ಲಿ ನುಡಿಸಿ ಅಂದ್ರು,” ಎಂದಳು ಬಾಗಿಲಲ್ಲೇ, ಏದುಸಿರಲ್ಲಿ. “ಅಲ್ಲೇ ಇರಿ ಅಂತನೂ ಅಂದ್ರು. ಒಳ್ಳೆ ಕೆಲಸ, ಒಳ್ಳೆ ಮನೆ.” ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಳು. “ತೇಪೆ ಕಿತ್ತು ಓದ್ಕೊಳ್ಳಿ ಈಗ.”

ರಾದಿಮ್ ಪೆಟ್ಟಿಗೆಯ ಮೇಲೆ ಕೈಯಿಟ್ಟ. ಬಿಚ್ಚಲಿಲ್ಲ.

“ಬೇಡ. ಓದಿದ ಹಾಗಾಯ್ತು.”

“ಅಯ್ಯೋ, ಅದರಲ್ಲಿ ‘ಸಾಲ ಕೊಡಿ’ ಅಂತ ಬರೆದಿದ್ರೆ?”

“ಕೊಡ್ತೀನಿ.”

ಅವಳು ನಕ್ಕಳು, ನಗು ಅರ್ಧದಲ್ಲೇ ಒದ್ದೆಯಾಯಿತು. ಹೊರಗೆ ಪೊರಕೆಯ ಸದ್ದು ನಿಂತಿತು. ರಾದಿಮ್‌ನ ಕೈ ಅಭ್ಯಾಸದಂತೆ ರೇಡಿಯೋ ಕಡೆ ಹೋಯಿತು.

ಯಾರ್ಮಿಲಾ ಆ ಕೈಯನ್ನು ದಾರಿಯಲ್ಲೇ ಹಿಡಿದುಕೊಂಡಳು.

“ಕೇಳಿಸ್ಕೊಳ್ಳಲಿ ಬಿಡು,” ಎಂದಳು.