ಎರಡಿಂಚಿನ ಬಲೆ

ಯಾರ ಕಡೆಗೂ ವಾಲುವುದಿಲ್ಲ ಎಂದು ಅಬ್ದುಲಸಮದ ಮಾತು ಕೊಟ್ಟಿದ್ದ. ೧೯೭೫ರ ಒಂದು ಭಾನುವಾರ ಮಧ್ಯಾಹ್ನ, ವಿಜಾಪುರದ ಅಥಣಿ ರಸ್ತೆಯ ತನ್ನ ಹೊಸ ಮನೆಯ ಪಡಸಾಲೆಯಲ್ಲಿ, ಗೆಳೆಯ ಯಾಕೂಬ ಅವನ ಕೈ ಹಿಡಿದು ಆ ಮಾತು ತೆಗೆದುಕೊಂಡಿದ್ದ.

"ಆಟ ನಡಸಾವ ನೀನು. ದೋಸ್ತ ಅಂತ ನನಗ ಸಡಿಲ ಬಿಡಬ್ಯಾಡ. ನನ್ನ ತಂಗಿ ಅಂತ ಇಕಿಗೂ ಬಿಡಬ್ಯಾಡ."

"ಬಿಡಂಗಿಲ್ಲ," ಎಂದಿದ್ದ ಸಮದ. ಆಗ ಅವನು ಆ ತಂಗಿಯ ಕಡೆ ಸರಿಯಾಗಿ ನೋಡಿರಲಿಲ್ಲ. ನೋಡಿದ್ದರೆ ಅಷ್ಟು ಬೇಗ ಮಾತು ಕೊಡುತ್ತಿರಲಿಲ್ಲ.

ಯಾಕೂಬ ಮುಂಬಯಿಯಲ್ಲಿ ಹಡಗು ಹತ್ತಿ ನಾಲ್ಕು ವರ್ಷ ದುಡಿದು ಬಂದವನು. ಬರುವಾಗ ಒಂದು ಟ್ರಾನ್ಸಿಸ್ಟರು, ಎರಡು ಕಂಬಳಿ, ಮತ್ತು ಅಮೆರಿಕದ ಖಲಾಸಿಯೊಬ್ಬ ಕೊಟ್ಟ ತೆಳ್ಳನೆಯ ಇಂಗ್ಲಿಷ್ ಪುಸ್ತಕ ತಂದಿದ್ದ. ಪುಸ್ತಕದಲ್ಲಿದ್ದದ್ದು ಒಂದು ಆಟ. ಒಬ್ಬ ಕಥೆ ನಡೆಸಬೇಕು. ಉಳಿದವರು ಆ ಕಥೆಯೊಳಗಿನ ಒಬ್ಬೊಬ್ಬರಾಗಿ, ನಾನು ಹೀಗೆ ಮಾಡುತ್ತೇನೆ ಎನ್ನಬೇಕು. ಆಯಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ದಾಳ ಹಡಗಿನಲ್ಲೇ ಕಳೆದುಹೋಗಿದ್ದವು. ಅವುಗಳ ಜಾಗಕ್ಕೆ ಆರು ಕವಡೆ ಬಂದವು.

ಸಮದ ಸರ್ವೇ ಆಫೀಸಿನಲ್ಲಿ ನಕಾಶೆಗಳ ನಕಲು ತೆಗೆಯುವ ನೌಕರ. ಶಾಯಿ ಚೆಲ್ಲಿ ಕೆಟ್ಟ ಕಳ್ಳಕವಟಗಿ ಗ್ರಾಮದ ನಕಾಶೆಯೊಂದನ್ನು ಅವನೇ ಆಟಕ್ಕೆ ತಂದ. ದೈತ್ಯರು ಕಳ್ಳಕವಟಗಿಯ ಹೊಲಗಳಲ್ಲಿ ಇಳಿದರು. ಯಾಕೂಬ ಕಳ್ಳನಾದ. ಪಕ್ಕದ ಮನೆಯ ಸಾಬಣ್ಣ ಕತ್ತಿ ಹಿಡಿದ ಸರದಾರನಾದ. ಸಾಬಣ್ಣ ಬಬಲೇಶ್ವರದವನು, ತಿಕೋಟಾ ಬಸ್ಸಿನ ಕಂಡಕ್ಟರ್. ಯಾಕೂಬನ ತಂಗಿ ಅಬೇದಾ, ತಿಕೋಟಾ ಸಾಲೆಯ ಟೀಚರ್, ನೂರಿ ಎಂಬ ಮಂತ್ರವಾದಿನಿಯಾದಳು.

ನೂರಿಯ ಮಂತ್ರ ಯಾರನ್ನೂ ಕೊಲ್ಲುತ್ತಿರಲಿಲ್ಲ. ಆಕೆ ಜೇಡನ ಬಲೆ ಹಾಸುತ್ತಿದ್ದಳು, ಅಷ್ಟೇ. ಅದರೊಳಗೆ ಸಿಕ್ಕವರು ನಿಂತಲ್ಲೇ ನಿಲ್ಲುತ್ತಿದ್ದರು. ಬಲೆಯ ಅಳತೆ ಎರಡಿಂಚು ಎಂದು ಪುಸ್ತಕದಲ್ಲಿತ್ತು. ಅಬೇದಾ ಬಿಳಿ ದಾರದಲ್ಲಿ ಎರಡಿಂಚಿನ ಚೌಕ ಬಲೆಯೊಂದನ್ನು ಕ್ರೋಶಾ ಹೆಣೆದು ತಂದಳು.

ಅದನ್ನು ನಕಾಶೆಯ ಮೇಲೆ ಹಾಸುವಾಗ ಅವಳು ಕೆಳತುಟಿ ಕಚ್ಚಿಕೊಳ್ಳುತ್ತಿದ್ದಳು. ದೈತ್ಯ ನಿಂತ ಎಂದು ಸಮದ ಹೇಳಿದ ಕ್ಷಣ ತುಟಿ ಬಿಡುತ್ತಿದ್ದಳು. ಕಚ್ಚಿದ ಜಾಗದಲ್ಲಿ ಮೊದಲು ಬಿಳುಪು, ಆಮೇಲೆ ಕೆಂಪು, ಆಮೇಲೆ ನಗು.

ಸಾಲೆಯಲ್ಲಿ ಅವಳು ಎಲ್ಲರಿಗಿಂತ ಕಿರಿಯಳು. ಅವಳ ಮಾತು ಮುಗಿಯುವ ಮೊದಲೇ ಬೇರೆಯವರು ಮಾತಾಡುತ್ತಿದ್ದರು. ಮನೆಗೆ ಬರುವ ಅತ್ತೆ ಚಿಕ್ಕಮ್ಮಂದಿರು ಅವಳನ್ನು ಕೇಳದೆಯೇ ಅವಳ ಮದುವೆಯ ಮಾತಾಡುತ್ತಿದ್ದರು. ಕಳ್ಳಕವಟಗಿಯ ಹೊಲದಲ್ಲಿ ಮಾತ್ರ ಅವಳು ನಿಲ್ಲು ಎಂದರೆ ಎಲ್ಲರೂ ನಿಲ್ಲುತ್ತಿದ್ದರು.

ನಿಂತವರನ್ನು ಕಡಿಯುವ ಕೆಲಸ ಸಾಬಣ್ಣನದು. ಅವನಿಗೆ ಅದು ಸೇರುತ್ತಿರಲಿಲ್ಲ.

"ಏನ್ರಿ ಅಕ್ಕೋರ, ನಾ ಸರದಾರ ಅದೀನೋ, ಕಳೆ ತೆಗಿಯೋ ಆಳ ಅದೀನೋ? ಎಲ್ಲಾರ್ನೂ ನೀವ ಕಟ್ಟಿ ಹಾಕತೀರಿ. ನಾ ಸಾಲು ಹಿಡದು ಕೊಯ್ಕೊಂತ ಹೋಗೂದು."

"ಹತ್ತು ದೈತ್ಯರು ಸಾಲಲಿಲ್ಲಂದ್ರ ಸಮದ ಸಾಹೇಬ್ರು ಇಪ್ಪತ್ತು ತರತಾರ ತಗೋರಿ," ಎಂದು ಅಬೇದಾ ಕಣ್ಣಂಚಿನಲ್ಲಿ ಸಮದನನ್ನು ನೋಡುವಳು.

ಸಮದ ಇಪ್ಪತ್ತು ತಂದ. ನಲವತ್ತು ತಂದ. ಬಲೆ ಅಷ್ಟನ್ನೂ ಹಿಡಿಯಿತು. ಯಾಕೂಬ ಗೋಡೆಗೆ ಒರಗಿ ಆಕಳಿಸತೊಡಗಿದ. ಆದರೂ ಸಮದನಿಗೆ ವಾರವೆಂದರೆ ಭಾನುವಾರದ ಕಡೆಗೆ ಹೋಗುವ ಆರು ದಿನದ ದಾರಿ. ಸಾಬಣ್ಣ ಅವಳನ್ನು ಅಕ್ಕೋರ ಎನ್ನುತ್ತಿದ್ದ. ಸಾಲೆಯ ಟೀಚರನ್ನು ಊರೆಲ್ಲ ಹಾಗೇ ಕರೆಯುತ್ತದೆ. ಸಮದ ಮಾತ್ರ ಟೀಚರ ಎನ್ನುತ್ತಿದ್ದ. ಅಕ್ಕ ಎಂಬುದು ಅವನ ಬಾಯಿಗೆ ಬರುತ್ತಿರಲಿಲ್ಲ. ಅದು ಅವಳ ಗಮನಕ್ಕೂ ಬಂದಿತ್ತು.

೧೯೭೮ರ ಆಗಸ್ಟ್‌ನಲ್ಲಿ ಪುಸ್ತಕದ ಹೊಲಿಗೆ ಬಿಚ್ಚಿತು. ಸರಿಮಾಡಲು ಸಮದ ಅದನ್ನು ತನ್ನ ಕೋಣೆಗೆ ಒಯ್ದ. ಮೊದಲಲ್ಲೇ ಎರಡು ಹಾಳೆ ಎಣ್ಣೆ ತಾಗಿ ಅಂಟಿಕೊಂಡಿದ್ದವು. ಮೂರು ವರ್ಷ ಅದನ್ನು ಯಾರೂ ಬಿಡಿಸಿರಲಿಲ್ಲ. ಅವನು ಮೆಲ್ಲಗೆ ಬಿಡಿಸಿದ. ಒಳಗೆ ಒಂದು ಸಾಲು ಇತ್ತು: ಬಯಲಿನಲ್ಲಿ ಒಂದಿಂಚು ಎಂದರೆ ಹತ್ತು ಗಜ ಎಂದು ತಿಳಿಯತಕ್ಕದ್ದು.

ಸಮದ ಸೂಜಿದಾರ ಕೆಳಗಿಟ್ಟ. ಇಂಚು ಎಂದರೆ ಅವನ ಆಫೀಸಿನಲ್ಲಿ ಒಂದೇ ಅರ್ಥ: ಗ್ರಾಮ ನಕಾಶೆಯಲ್ಲಿ ಇಂಚಿಗೆ ಒಂದು ಫರ್ಲಾಂಗ, ಇನ್ನೂರಿಪ್ಪತ್ತು ಗಜ. ಮೊದಲ ದಿನವೇ ಹಾಗೆ ಲೆಕ್ಕ ಹಿಡಿದಿದ್ದ, ಯಾರನ್ನೂ ಕೇಳಿರಲಿಲ್ಲ. ಇಪ್ಪತ್ತು ಗಜ ಹಿಡಿಯಬೇಕಾದ ಬಲೆ ಮೂರು ವರ್ಷದಿಂದ ಎರಡು ಫರ್ಲಾಂಗ ಹಿಡಿಯುತ್ತಿತ್ತು. ಅರ್ಧ ಊರೇ ಅದರೊಳಗೆ. ಸರಿಯಾದ ಅಳತೆಯಲ್ಲಿ ನೂರಿಯ ಬಲೆ ಆ ನಕಾಶೆಯ ಮೇಲೆ ಒಂದು ಸಾಸಿವೆ ಕಾಳಿನಷ್ಟು.

ಕೈ ತನ್ನ ರೂಢಿಯ ಕೆಲಸ ಮಾಡಿತು. ತಪ್ಪು ಕಂಡಲ್ಲಿ ಕೆಂಪು ಗುರುತು ಹಾಕಿ, ಸಣ್ಣ ಸಹಿ ಮಾಡಿ, ತಾರೀಕು ಬರೆಯುವುದು ಆಫೀಸಿನ ಪದ್ಧತಿ. ಸಾಲಿನ ಪಕ್ಕ ಬರೆದ: ಅ.ಸ., ೧೨-೮-೭೮.

ಆ ಭಾನುವಾರ ಹೇಳಬೇಕೆಂದು ಹೊರಟ. ಅಬೇದಾ ಬಲೆ ಹಾಸಿದಳು. ತುಟಿ ಕಚ್ಚಿದಳು.

"ನಿಂತ್ರು," ಎಂದ ಸಮದ. "ಎಲ್ಲಾರೂ ನಿಂತ್ರು."

ಹಾಗೆ ನಾಲ್ಕು ತಿಂಗಳು ಕಳೆಯಿತು.

ಡಿಸೆಂಬರಿನಲ್ಲಿ ಸಾಲೆಯ ಹುಡುಗಿಯರಿಗೆ ಕಥೆ ಮಾಡಿ ಹೇಳಲೆಂದು ಅಬೇದಾ ಪುಸ್ತಕ ಕೇಳಿ ಪಡೆದಳು. ಮುಂದಿನ ಗುರುವಾರ ಸಮದ ಹೊಲ ಅಳೆಯುವವರ ಜೊತೆ ತಿಕೋಟಾಕ್ಕೆ ಬಂದಿದ್ದ. ಸಂಜೆ ನಾಲ್ಕೂವರೆಗೆ ಬಸ್ ನಿಲ್ದಾಣದ ಬೇವಿನ ಮರದ ಕೆಳಗೆ ಅವಳು ಎದುರಾದಳು. ಕೈಯಲ್ಲಿ ಪುಸ್ತಕ, ಬೆರಳು ಆ ಹಾಳೆಯಲ್ಲಿ.

"ಈ ಸಹಿ ಯಾರದ್ರಿ?"

ಸಮದ ನೋಡಿದ. ಸುಳ್ಳು ಹೇಳಲು ಜಾಗವೇ ಇರಲಿಲ್ಲ. "ನಂದ."

"ತಾರೀಖು?"

"ಅದೂ ನಂದ."

"ಆಗಸ್ಟದಿಂದ ಇಲ್ಲಿತನ ನಾ ಗೆದ್ದದ್ದೆಲ್ಲಾ ನೀವು ಕೊಟ್ಟದ್ದು." ಅವಳ ದನಿ ಏರಲಿಲ್ಲ. "ನಾ ಸಾಲ್ಯಾಗ ಪುಕ್ಕಟೆ ಮಾರ್ಕ್ಸ ಯಾರಿಗೂ ಹಾಕಂಗಿಲ್ರಿ. ಹಾಕಿದ್ರ ಆ ಹುಡುಗಿಗೆ ನೀ ದಡ್ಡಿ ಅಂದಂಗ. ನನಗ ಹಂಗ ಅಂದ್ರಿ ನೀವು."

"ಹಂಗಲ್ರಿ ಟೀಚರ."

"ಮತ್ತ ಹೆಂಗ?"

ಸಮದ ತನ್ನ ಚಪ್ಪಲಿಯ ಮೇಲಿನ ಹೊಲದ ಕರಿಮಣ್ಣು ನೋಡುತ್ತ ನಿಂತ. "ಬಲೆ ಹಾಸೂ ಮುಂದ ನೀವು ತುಟಿ ಕಚ್ಚತೀರಿ. ದೈತ್ಯ ನಿಂತ ಅಂದಕೂಡ್ಲೆ ಬಿಡತೀರಿ. ಆ ಬಿಡೂದು ನೋಡಾಕ ವಾರೆಲ್ಲಾ ಕಾಯತಿದ್ನಿ."

ಅಬೇದಾ ಪುಸ್ತಕ ಮುಚ್ಚಿದಳು. ಸೆರಗನ್ನು ಕಿವಿಯ ಹಿಂದೆ ಸರಿಸಿದಳು, ಅದು ಅಲ್ಲೇ ಇದ್ದರೂ.

"ಅದಕ್ಕ ಅಷ್ಟು ಮಂದಿ ದೈತ್ಯರ್ನ ಸಾಯಿಸಿದ್ರಿ."

"ಸಾಯಿಸಿದಾಂವ ಸಾಬಣ್ಣ."

ನಗು ಬಂದದ್ದನ್ನು ಅವಳು ಒಳಗೇ ತಡೆದಳು. ತಡೆಯುವಾಗಲೂ ಕಚ್ಚಿದ್ದು ಅದೇ ತುಟಿ. ಅದು ಗೊತ್ತಾಗಿ ಥಟ್ಟನೆ ಬಿಟ್ಟಳು. ಇಬ್ಬರಿಗೂ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

"ಇನ್ನೊಂದು ಮಾತು ಕೇಳೂದೈತಿ," ಎಂದ ಸಮದ. "ಯಾಕೂಬನ ಹಂತೇಕ ಲಗ್ನಕ್ಕ ನಿಮ್ಮನ್ನ ಕೇಳಲೇನು? ನೀವು ಬ್ಯಾಡಂದ್ರ ಕೇಳಂಗಿಲ್ಲ."

ಅವಳು ಪುಸ್ತಕವನ್ನು ಅವನತ್ತ ಚಾಚಿದಳು. "ಮೊದಲ ಆಟ ಸರಿಮಾಡ್ರಿ. ನನ್ನ ಕಡೆ ವಾಲಲಾರದ ಒಂದು ಭಾನುವಾರ ಆಡಸ್ರಿ. ಆಮ್ಯಾಲ ಹೇಳತೀನಿ. ನನ್ನ ಖುಷಿಗೆ ಸುಳ್ಳು ಹೇಳೋ ಮನಷ್ಯಾನ ಜೋಡಿ ನಾ ಹೆಂಗ ಬಾಳ್ವೆ ಮಾಡ್ಲಿ?"

ಬಸ್ಸು ಬಂತು. ಅದು ಸಾಬಣ್ಣನ ಬಸ್ಸೇ. ಅಬೇದಾ ಮುಂದೆ ಹೆಂಗಸರ ಸೀಟಿನಲ್ಲಿ ಕುಳಿತಳು, ಸಮದ ಮೂರು ಸೀಟು ಹಿಂದೆ. ನಡುವೆ ಟಿಕೆಟ್ ಹರಿಯುತ್ತಿದ್ದ ಸಾಬಣ್ಣನಿಗೆ ಇಬ್ಬರ ಮುಖ ನೋಡಿಯೇ ಏನೋ ಆಗಿದೆ ಎಂದು ತಿಳಿಯಿತು. ಸಮದ ಅಳತೆಯ ತಪ್ಪನ್ನು ಹೇಳಿದ. ಉಳಿದದ್ದನ್ನು ಹೇಳಲಿಲ್ಲ.

"ಯಪ್ಪಾ, ಸಾಸಿವಿ ಕಾಳು?" ಸಾಬಣ್ಣ ಕಂಬಿಗೆ ಒರಗಿ ನಿಂತ. "ಮತ್ತ ನಾ ಮೂರು ವರ್ಷ ನಿಂತಾವರ್ನ ಕಡದೆನಲ್ರಿ. ಹೋಗ್ಲಿ, ಈಗ ನಿಜ ಅಳತಿ ಇಟ್ರ ಅಕ್ಕೋರ ಬಲೆಯಾಗ ಏನು ಸಿಗತೈತಿ?"

"ದೊಡ್ಡ ಅಳತಿ ನಕಾಶೆ ಬರೀತೀನಿ," ಎಂದ ಸಮದ. "ಒಂದ ಹೊಲ. ಇಂಚಿಗೆ ಹತ್ತು ಗಜ. ಮೂರೋ ನಾಕೋ ದೈತ್ಯರು ಸಿಗತಾರ."

ಅಬೇದಾ ಹಿಂತಿರುಗದೆ, ಕಿಟಕಿಗೆ ಹೇಳುವಂತೆ ಹೇಳಿದಳು: "ಅಷ್ಟ ಸಾಲಂಗಿಲ್ಲ. ಸಿಕ್ಕಾವ್ರು ಪೂರಾ ನಿಂತಬಿಟ್ರ ಸಾಬಣ್ಣಗ ಮತ್ತ ಅದ ಕೆಲಸ. ಸಿಕ್ಕಾವ್ಗ ಪ್ರತಿ ಸರ್ತಿ ಕವಡಿ ಹಾಕಬೇಕು. ಬಿದ್ರ ಬಿಡಿಸ್ಕೊಂಡು ಬರಲಿ. ಯಾರ್ನ ಹಿಡದ್ರೂ ಹೊರಗ ಬರಾಕ ಒಂದು ದಾರಿ ಇರಬೇಕು."

"ಆರ್ಯಾಗ ಮೂರು ಅಂಗಾತ ಬಿದ್ರ ಸಾಕು," ಎಂದ ಸಾಬಣ್ಣ.

"ಮೂರಂದ್ರ ಬಲೆ ಹಾಕಿ ಏನು ಉಪಯೋಗ? ಐದು."

"ಐದು ಯಾವಾಗ ಬೀಳತಾವ್ರಿ ಅಕ್ಕೋರ? ನಮ್ಮ ಮೊಮ್ಮಕ್ಕಳ ಕಾಲಕ್ಕ."

"ನಾಕು," ಎಂದ ಸಮದ.

ಅಬೇದಾ ಈಗ ತಿರುಗಿ ನೋಡಿದಳು. "ನಾಕು ನನ್ನ ಕಡೆ ವಾಲತೈತೋ, ಅವರ ಕಡೆ ವಾಲತೈತೋ?"

"ಯಾರ ಕಡೆಗೂ ಇಲ್ಲ."

"ಖರೇ?"

"ಖರೇ."

ಪಕ್ಕದಲ್ಲಿ ಕೋಳಿ ಬುಟ್ಟಿ ಹಿಡಿದು ಕುಳಿತಿದ್ದ ಮುದುಕಿ ಸಾಬಣ್ಣನನ್ನು ಕೇಳಿದಳು, "ಏನೋ ಯಪ್ಪಾ, ಇವ್ರದು ಹೊಲದ ತಕರಾರೇನು?"

"ಹೂಂ ಬೇ," ಎಂದ ಸಾಬಣ್ಣ. "ಈಗ ರಾಜಿ ಆತು."

ಭಾನುವಾರ ಸಮದ ಹೊಸ ನಕಾಶೆ ಹಾಸಿದ. ಹಾಸುವ ಮೊದಲು ಯಾಕೂಬನಿಗೆ ಅಳತೆಯ ತಪ್ಪನ್ನೆಲ್ಲ ಹೇಳಿದ, ಆಗಸ್ಟಿನ ತಾರೀಕು ಸಹಿತ. ಯಾಕೂಬ ಆಕಳಿಸಲಿಲ್ಲ.

"ಮಾತು ಕೊಟ್ಟಿದ್ದೆಲ್ಲೋ ಲೇ."

"ಕೊಟ್ಟಿದ್ನಿ. ಮುರದ್ನಿ."

"ಇನ್ನೊಮ್ಮೆ ವಾಲಿದಿ ಅಂದ್ರ ಪುಸ್ತಕ ಟ್ರಂಕಿನಾಗ. ನೀನೂ ಈ ಹೊಸ್ತಲ ದಾಟಬ್ಯಾಡ."

ಆಟ ಮೊದಲಿನಂತಿರಲಿಲ್ಲ. ಬಲೆ ಮೂವರನ್ನು ಹಿಡಿಯಿತು, ಇಬ್ಬರು ಹೊರಗುಳಿದರು. ಸಾಬಣ್ಣ ಮೊದಲ ಸಲ ಮೊಣಕಾಲ ಮೇಲೆ ಎದ್ದು ಕುಳಿತ. ಯಾಕೂಬ ಕಳ್ಳ ಹೆಜ್ಜೆಯಿಟ್ಟು ಒಬ್ಬ ದೈತ್ಯನ ಹಿಂದೆ ಹೋದ. ಬಲೆಯೊಳಗಿಂದ ಒಬ್ಬ ದೈತ್ಯ ಬಿಡಿಸಿಕೊಂಡು ಬಂದಾಗ ಅಬೇದಾ ಉಸಿರು ಹಿಡಿದಳು. ಸಾಬಣ್ಣ ಅವನನ್ನು ತಡೆದಾಗ ಬಿಟ್ಟಳು. ನಾಲ್ವರೂ ನಕಾಶೆಯ ಮೇಲೆ ಬಾಗಿದ್ದರು. ಅವಳ ಜಡೆಯ ತುದಿ ಹೊಲದ ಬದುವಿನ ಮೇಲೆ ಬಿದ್ದಿತ್ತು.

ಕೊನೆಗೆ ಒಬ್ಬ ದೈತ್ಯ ಉಳಿದ. ಬಲೆಯಲ್ಲಿದ್ದ. ನೂರಿ ಅವನ ಎದುರಿಗೇ ಇದ್ದಳು, ಮೈಯಲ್ಲಿ ಕಸುವಿರಲಿಲ್ಲ. ಸಾಬಣ್ಣ ದೂರದಲ್ಲಿದ್ದ. ಇದೊಂದು ಸರ್ತಿ ದೈತ್ಯ ನಿಂತರೆ ಸಾಬಣ್ಣ ತಲುಪುತ್ತಾನೆ, ಎಲ್ಲರೂ ಉಳಿಯುತ್ತಾರೆ. ನಿಲ್ಲದಿದ್ದರೆ ನೂರಿ ಇಲ್ಲ.

ದೈತ್ಯರ ಕವಡೆಯನ್ನು ಆಟ ನಡೆಸುವವನು ಮರೆಯಲ್ಲಿ ಹಾಕಬೇಕೆಂಬುದು ಪುಸ್ತಕದ ಕಟ್ಟಳೆ. ಸಮದ ತನ್ನ ನಕಾಶೆ ಹಲಗೆಯನ್ನು ಅಡ್ಡ ನಿಲ್ಲಿಸಿ ಆರು ಕವಡೆ ಎಸೆದ.

ಎರಡು ಬೋರಲು. ನಾಲ್ಕು ಅಂಗಾತ.

ಅವನು ತಲೆ ಎತ್ತಿದ. ಅಬೇದಾ ತುಟಿ ಕಚ್ಚಿಕೊಂಡು ಅವನನ್ನೇ ನೋಡುತ್ತಿದ್ದಳು. ಮೂರು ವರ್ಷದಿಂದ ಅವಳು ಆಡಿಕೊಂಡು ಬಂದ ನೂರಿ. ಒಂದು ಕವಡೆಯನ್ನು ಬೆರಳಲ್ಲಿ ಮಗುಚಿದರೆ ಸಾಕು. ಹಲಗೆಯ ಈಚೆ ಅವನೊಬ್ಬನೇ.

"ಬಿಡಿಸ್ಕೊಂಡ," ಎಂದ ಸಮದ. "ಗದಾ ಎತ್ತಿ ಹೊಡದ. ನೂರಿ ಸತ್ತಳು."

ಸಾಬಣ್ಣ ತಲೆಯ ಮೇಲಿನ ಟೋಪಿ ತೆಗೆದು ತೊಡೆಯ ಮೇಲಿಟ್ಟ. "ಇನ್ನೊಮ್ಮೆ ನೋಡ್ರಿ ಸಾಹೇಬ್ರ. ಬೆಳಕು ಕಮ್ಮಿ ಐತಿ."

"ನೋಡೀನಿ."

ಅಬೇದಾ ಎದ್ದು ಒಳಗೆ ಹೋದಳು. ಸ್ಟೋವಿಗೆ ಗಾಳಿ ಹೊಡೆಯುವ ಸದ್ದು ಬಂತು, ಬಹಳ ಹೊತ್ತು ಬಂತು. ಸಮದ ತನ್ನ ಪೆನ್ಸಿಲುಗಳನ್ನು ಒಂದೊಂದಾಗಿ ಕಿಸೆಗೆ ಸೇರಿಸಿದ. ಎದ್ದು ಹೋಗಿಬಿಡಲೇ ಎಂದು ಎರಡು ಸಲ ಯೋಚಿಸಿದ. ಏಳಲಿಲ್ಲ.

ಅವಳು ನಾಲ್ಕು ಕಪ್ ಚಹಾ ತಂದಿಟ್ಟಳು. ಕಣ್ಣು ಒದ್ದೆಯಾಗಿದ್ದವು, ಮುಚ್ಚಿಡಲು ಹೋಗಲಿಲ್ಲ.

"ಎಷ್ಟು ಬಿದ್ದಿದ್ವು?"

"ನಾಕು."

"ಹಲಗಿ ಸರಸ್ರಿ."

ಸಮದ ಸರಿಸಿದ. ಕವಡೆ ಬಿದ್ದಲ್ಲೇ ಇದ್ದವು. ಅವಳು ಬಾಗಿ, ಸಾಲೆಯ ಹುಡುಗರನ್ನು ಎಣಿಸುವಂತೆ ಬೆರಳಿಟ್ಟು ಎಣಿಸಿದಳು. ನಾಲ್ಕಕ್ಕೆ ನಿಂತಳು. ಬೆರಳು ಅಲ್ಲೇ ಇದ್ದು, ನೋಟ ಮಾತ್ರ ಮೇಲೆ ಬಂತು. ಒದ್ದೆಯಾದ ಆ ನೋಟದಲ್ಲಿ ಸಿಟ್ಟೂ ಇತ್ತು, ಸಿಟ್ಟಿನ ಕೆಳಗೆ ಇನ್ನೇನೋ ಬೆಚ್ಚಗೆ ಕುಳಿತಿತ್ತು.

"ಭಾಯಿಜಾನ," ಎಂದಳು ಅಣ್ಣನಿಗೆ, "ಇವ್ರು ನಿನಗೇನೋ ಕೇಳಬೇಕಂತ."

"ಏನ್ಲೇ?" ಎಂದ ಯಾಕೂಬ.

ಸಮದ ಕೇಳಿದ. ಕೇಳುವಷ್ಟರಲ್ಲಿ ಚಹಾ ಆರಿತು. ಯಾಕೂಬ ತಂಗಿಯ ಮುಖ ನೋಡಿದ, ಬಿದ್ದಲ್ಲೇ ಇದ್ದ ಕವಡೆ ನೋಡಿದ, ಹೂಂ ಎಂದ.

ಕೊಟ್ಟ ಮಾತನ್ನು ಸಮದ ಆಗಸ್ಟಿನಲ್ಲಿ ಮುರಿದಿದ್ದ. ಆ ಭಾನುವಾರ ಉಳಿಸಿಕೊಂಡ.