ಏಳನೇ ಬೆಡ್ಡಿಗೆ ತಿಂಡಿ ವದ್ದು

ಫೆಬ್ರವರಿ 11, ಮಂಗಳವಾರ, ಬೆಳಿಗ್ಗೆ 8.25. ಆಂಧ್ರದ ಹಿಂದೂಪುರದ ಠಾಣೆಗೆ ರಾತ್ರಿ ಪಾಳಿಯ ತರಬೇತಿ ವೈದ್ಯೆ ಪ್ರಮೀಳಾ ದೂರು ತಂದಳು. ಪುರುಷರ ವಾರ್ಡಿನ ರಿಜಿಸ್ಟರು ಕಳುವಾಗಿತ್ತು. ಪಾಳಿ ಮುಗಿಸಿ ಹೋಗುವ ಡಾಕ್ಟರು ಯಾವ ರೋಗಿಗೆ ಏನಾಗಬೇಕೆಂದು ಅದರಲ್ಲಿ ಬರೆದಿಡುತ್ತಾರೆ, ಬರುವವರು ಓದಿಕೊಳ್ಳುತ್ತಾರೆ. ಇಬ್ಬರೂ ಎದುರಾಗುವುದು ಕ್ಯಾಂಟೀನಿನಲ್ಲಿ ಮಾತ್ರ.

ಎಫ್‌ಐಆರ್ ಬರೆಯುತ್ತಿದ್ದ ಇನ್ಸ್‌ಪೆಕ್ಟರ್ ಜಯಚಂದ್ರರ ಪೆನ್ನು ‘ಸೊತ್ತಿನ ಮೌಲ್ಯ’ ಎಂಬಲ್ಲಿ ನಿಂತಿತು.

“ಇಪ್ಪತ್ತೆರಡು ರೋಗಿಗಳು ಸಾರ್,” ಎಂದಳು ಪ್ರಮೀಳಾ.

8.50ಕ್ಕೆ ಪೇದೆ ಉಮಾದೇವಿಯೊಡನೆ ಜಯಚಂದ್ರ ವಾರ್ಡಿಗೆ ಬಂದರು. ಪುಸ್ತಕವಿಲ್ಲದ ಕಾರಣ ಪ್ರಮೀಳಾ ಮತ್ತು ಹಗಲು ಪಾಳಿಯ ಡಾಕ್ಟರು ಭೀಮೇಶ್ ಬೆಡ್ಡಿನಿಂದ ಬೆಡ್ಡಿಗೆ ಜೊತೆಯಾಗಿ ಹೊರಟರು. ಏಳನೆಯದರಲ್ಲಿ ಕಲ್ಯಾಣದುರ್ಗದ ಪೆದ್ದಣ್ಣ, ಹರ್ನಿಯಾ. ಸರ್ಜನ್ ಬರುವುದು ಮಂಗಳವಾರ ಮಾತ್ರ. ಹಿಂದಿನ ಎರಡು ಮಂಗಳವಾರವೂ ಹೊಟ್ಟೆ ತುಂಬಿದೆಯೆಂದು ಆಪರೇಷನ್ ನಿಂತಿತ್ತು. ಇನ್ನು ತಡವಾದರೆ ಕರುಳು ಸಿಕ್ಕಿಕೊಂಡೀತು ಎಂದಿದ್ದರು ಸರ್ಜನ್.

“ತಿಂಡಿ ವದ್ದು ಅಂತ ಎರಡು ಸಲ ಬರೆದೆ. ಎರಡು ಸಲನೂ ಉಣ್ಣಿಸಿದೀಯ,” ಎಂದಳು ಪ್ರಮೀಳಾ.

ಪಾವಗಡದ ಭೀಮೇಶ್ ತಬ್ಬಿಬ್ಬಾದ. “ತಿಂಡಿ ಕೊಡಲೇ ಇಲ್ವಲ್ಲ? ಇಡ್ಲಿ ವಾಪಸ್ ಕಳಿಸಿ, ಹತ್ತಕ್ಕೆ ಮುದ್ದೆ ಕೊಡಿಸ್ದೆ.”

ಆಯಾಗಳಿಗೂ ತಿಳಿಯಲೆಂದು ಅವಳು ಇಂಗ್ಲಿಷ್ ಬಿಟ್ಟು ತೆಲುಗಿನಲ್ಲಿ ಬರೆದಿದ್ದಳು. ತೆಲುಗಿನಲ್ಲಿ ವದ್ದು ಎಂದರೆ ಬೇಡ, ತಿಂಡಿ ಎಂದರೆ ಆಹಾರವೆಲ್ಲ. ಅವನ ಕನ್ನಡದ ತಿಂಡಿ ಬೆಳಗಿನ ಇಡ್ಲಿಗೇ ಮುಗಿಯುತ್ತಿತ್ತು.

“ಮುದ್ದೆ ಅನ್ಬ್ಯಾಡಿ ಸಾಮಿ, ಹೊಟ್ಟೆ ಚುರುಗುಟ್ತದೆ,” ಎಂದ ಪೆದ್ದಣ್ಣ.

ಉಮಾದೇವಿ ಅವನ ದಿಂಬನ್ನೇ ನೋಡುತ್ತಿದ್ದಳು. ಆಸ್ಪತ್ರೆಯ ದಿಂಬು ಅಷ್ಟು ನೆಟ್ಟಗಿರುವುದಿಲ್ಲ. ಕವರಿನೊಳಗೆ ರಿಜಿಸ್ಟರು ಸಿಕ್ಕಿತು. 9.40ಕ್ಕೆ ಪಂಚನಾಮೆ ಮುಗಿಯಿತು.

ಪೆದ್ದಣ್ಣನ ಹೆಂಡತಿ ಗೌರಕ್ಕ ಸೆರಗು ಸರಿಮಾಡಿಕೊಂಡು ಎದ್ದಳು. “ಆವಯ್ಯಂಗೆ ಗೊತ್ತಿಲ್ಲ. ನಾನೇ ಇಟ್ಟಿದ್ದು.”

“ಯಾಕಮ್ಮ ಕದ್ದೆ?”

“ಆಯಮ್ಮ ಉಣ್ಬ್ಯಾಡ ಅಂತಾಳೆ, ಹೋಯ್ತಾಳೆ. ಈಯಪ್ಪ ಬತ್ತಾನೆ, ಉಣ್ಣು ಅಂತಾನೆ. ಒಬ್ಬರ ಮಕ ಒಬ್ರು ನೋಡಲ್ಲ. ಬುಕ್ಕು ಇರೋಗಂಟ ಇವ್ರು ಮಾತಾಡಲ್ಲ ಕಣಪ್ಪ.”

“ಓದೋಕೆ ಬರುತ್ತಾ?”

“ಬಂದಿದ್ರೆ ಕದಿಯೋದ್ಯಾಕೆ? ತಿದ್ದಿಬಿಡ್ತಿದ್ದೆ.”



“ಅರೆಸ್ಟು ಮಾಡಬೇಕಾಗುತ್ತೆ,” ಎಂದರು ಜಯಚಂದ್ರ.

“ಮಾಡಪ್ಪ. ಆವಯ್ಯ ಒಳಕ್ಕೆ ಹೋಗ್ಲಿ, ಬತ್ತೀನಿ.”

ಜಯಚಂದ್ರ ಕಾರಿಡಾರಿನ ಬೆಂಚಿನಲ್ಲಿ ಕೂತು ಹಳೆಯ ಪೇಪರು ಓದಿದರು. 11.15ಕ್ಕೆ ಪೆದ್ದಣ್ಣ ಖಾಲಿ ಹೊಟ್ಟೆಯಲ್ಲಿ ಥಿಯೇಟರಿನೊಳಗೆ ಹೋದ. 11.20ಕ್ಕೆ ಉಮಾದೇವಿ ಗೌರಕ್ಕನನ್ನು ಬಂಧಿಸಿದಳು. ಕೈ ಹಿಡಿಯಲಿಲ್ಲ, ಚೀಲ ಹಿಡಿದುಕೊಂಡಳು. ಠಾಣೆಯಲ್ಲೇ ಜಾಮೀನಾಯಿತು. ಜಾಮೀನಿಗೆ ಸಹಿ ಹಾಕಿದ್ದು ದೂರುದಾರಳೇ.

ಜಪ್ತಿಯಾಗಿ ಕೇಸಿನ ಮುದ್ದೆಮಾಲಾದ ಪುಸ್ತಕ ಕೋರ್ಟಿನ ಆದೇಶವಿಲ್ಲದೆ ವಾಪಸಾಗುವಂತಿಲ್ಲ. ಅಲ್ಲಿಯವರೆಗೆ ಬೆಳಿಗ್ಗೆ ಎಂಟಕ್ಕೆ ಇಬ್ಬರೂ ಡಾಕ್ಟರು ಪ್ರತಿ ಬೆಡ್ಡಿನ ಬಳಿ ನಿಂತು ಮಾತಾಡಿಕೊಳ್ಳಲೇಬೇಕು. ಆದೇಶಕ್ಕಾಗಿ ಪ್ರಮೀಳಾ ಅರ್ಜಿ ಹಾಕಿಲ್ಲ. ಅಪರಾಧದ ಉದ್ದೇಶದ ಬಗ್ಗೆ ಜಯಚಂದ್ರ ಕೇಸ್ ಡೈರಿಯಲ್ಲಿ ಬರೆದದ್ದು ಒಂದೇ ಸಾಲು: “ಆರೋಪಿಗೆ ಗಂಡ ಬೇಕಾಗಿದ್ದ.”