ಪಾದ್ರಿ ಬಂದ್ರಾ?

"ಸಹಿ ಹಾಕ್ಲಿಕ್ಕೆ ಎಂತಕ್ಕೆ ಹೆದರ್ತಿ? ನಾ ಎಂತ ಹುಲಿಯಾ ಮಾರಾಯ?"

ಲುಯಿಜಾ ಓರೆಗಣ್ಣಲ್ಲಿ ನೋಡಿದಳು. ಮೊದಲು ಎಡಗೆನ್ನೆಯ ಗುಳಿ ಬಿತ್ತು, ಆಮೇಲೆ ನಗು ಬಂತು. ಎದುರು ಕೂತ ಇನಾಸ್ ಆ ಗುಳಿಗೆ ಮನಸೋತು ಏಳು ವರ್ಷವಾಗಿತ್ತು.

ಯಲ್ಲಾಪುರದ ಬಸ್ ಸ್ಟ್ಯಾಂಡ್ ಎದುರಿನ ಕ್ಯಾಂಟೀನು. ಇಬ್ಬರ ನಡುವೆ ಎರಡು ಚಹಾ, ಒಂದು ಮದುವೆ ಅರ್ಜಿ. ಅದನ್ನು ಕೊಟ್ಟರೆ ಚರ್ಚಿನಲ್ಲಿ ಮೂರು ಭಾನುವಾರ ಇವರ ಹೆಸರು ಓದುತ್ತಾರೆ. ಯಾರ ತಕರಾರೂ ಬರದಿದ್ದರೆ ಮದುವೆ. ಚರ್ಚಿನ ಹೆಸರಿನ ಜಾಗದಲ್ಲಿ ಲುಯಿಜಾ ಆಗಲೇ ಶಿರಸಿ ಎಂದು ಬರೆದಿದ್ದಳು.

"ಇಲ್ಲಿಯ ಪಾದ್ರಿ ಆಶೀರ್ವಾದ ನಂಗೆ ಬೇಡ," ಎಂದಳು, ನಗು ಆರಿಹೋಗಿತ್ತು. "ಅಪ್ಪ ಸಾಯುವಾಗ ಊರಲ್ಲಿ ಇಲ್ಲದವರು."

ಇನಾಸನ ಕಿವಿಯಲ್ಲಿ ಅದೇ ದನಿ: ಪಾದ್ರಿ ಬಂದ್ರಾ?

ಮೂರು ವರ್ಷದಿಂದ ಬೆನ್ನು ಬಿಡದ ದನಿ. ಬೈಕಿನ ಕಿಕ್ ಹೊಡೆದರೂ ಅದೇ, ಪೂಜೆಯಲ್ಲಿ ಮಂಡಿಯೂರಿದರೂ ಅದೇ. ಅವಳ ಅಪ್ಪ ಕೈತಾನ್ ಕೊನೆಯುಸಿರು ಎಳೆಯುತ್ತಿದ್ದಾಗ, ಸಾಯುವವರಿಗೆ ಹೇಳುವ ಪ್ರಾರ್ಥನೆ ಹೇಳಿ ಹಣೆಗೆ ಪವಿತ್ರ ತೈಲ ಹಚ್ಚಲು ಪಾದ್ರಿಯನ್ನು ಕರೆತರುತ್ತೇನೆಂದು ಬೈಕ್ ಹತ್ತಿದವನು ಇವನೇ. ದಾರಿಯ ಮೈದಾನದಲ್ಲಿ ವಾಲಿಬಾಲ್ ಫೈನಲ್ ನಡೆಯುತ್ತಿತ್ತು. ಒಂದು ಸೆಟ್ ಎಂದು ಇಳಿದವನು ಮೂರು ಸೆಟ್ ಆಡಿದ. ಹೊತ್ತು ಮೀರಿತೆಂದು ಹೆದರಿ ಬರಿಗೈಲಿ ಮರಳಿದ. ಮುದುಕ ಕಣ್ಣು ತೆರೆದು ಕೇಳಿದ: ಪಾದ್ರಿ ಬಂದ್ರಾ? "ಊರಲ್ಲಿಲ್ಲ ಮಾಮ," ಎಂದ ಇನಾಸ್. ಆ ಸುಳ್ಳನ್ನು ನಂಬಿಕೊಂಡೇ ಮುದುಕ ಹೋದ.

ಪಾಪನಿವೇದನೆಯಲ್ಲಿ ಪಾದ್ರಿಗೆ ಎಲ್ಲ ಹೇಳಿದ್ದ. "ದೇವರು ಕ್ಷಮಿಸಿದ. ಅವಳಿಗೂ ಹೇಳು ಮಗನೇ," ಎಂದಿದ್ದರು. ಅಲ್ಲಿ ಕೇಳಿದ್ದನ್ನು ಪಾದ್ರಿ ಹೊರಗೆ ಆಡುವಂತಿಲ್ಲ. ಲುಯಿಜಾ ಮುಖ ತಿರುಗಿಸಿದಾಗಲೆಲ್ಲ ಪಾಪ, ಆ ಮನುಷ್ಯ ತಲೆ ತಗ್ಗಿಸಿ ಹೋಗುತ್ತಿದ್ದರು. ಯಾರದೋ ತಪ್ಪು, ಯಾರಿಗೋ ಶಿಕ್ಷೆ.

ಹೇಳಿದರೆ ಇವಳು ಕೈತಪ್ಪುತ್ತಾಳೆ. ಇನಾಸ್ ಪೆನ್ನು ಕೆಳಗಿಟ್ಟ.

"ಪಾದ್ರಿ ಊರಲ್ಲೇ ಇದ್ರು ಲುಯಿಜಾ. ನಾನೇ ಕರೀಲಿಕ್ಕೆ ಹೋಗ್ಲಿಲ್ಲ."

ಒಂದೂ ಬಿಡದೆ ಹೇಳಿದ. ಅವಳ ಚಹಾ ಕೆನೆಗಟ್ಟಿತು.

"ಮೂರು ವರ್ಷ ನಾ ಅವರನ್ನ ಶಪಿಸ್ದೆ," ಎಂದಳು ಕಡೆಗೆ. "ನೀ ಪಕ್ಕದಲ್ಲೇ ಕೂತು ನೋಡ್ತಿದ್ದೆ."

"ಹೌದು."

ಅವಳು ಅರ್ಜಿ ಮಡಚಿ ಚೀಲಕ್ಕೆ ಹಾಕಿಕೊಂಡು ಎದ್ದಳು. "ನಾ ಅಪ್ಪನ ಗೋರಿ ಹತ್ರ ಇರ್ತೆ. ಅವತ್ತು ಕಳ್ಸಿದ ಕೆಲಸ ಹಂಗೇ ಉಂಟು. ಹೋಗಿ ಕರ್ಕೊಂಡು ಬಾ. ದಾರೀಲಿ ಎಲ್ಲೂ ನಿಲ್ಬೇಡ."

"ಅವಳಿಗೆ ಹೇಳ್ದೆ ಫಾದರ್. ಗೋರಿ ಹತ್ರ ಕಾಯ್ತಿದ್ದಾಳೆ," ಎಂದ ಇನಾಸ್. ಪಾದ್ರಿ ತೀರ್ಥದ ಸೀಸೆ ಎತ್ತಿಕೊಂಡು ಬೈಕಿನ ಹಿಂದೆ ಕೂತರು. ಅದೇ ಮೈದಾನದಲ್ಲಿ ಯಾರೋ ಸೀಟಿ ಊದಿದರು. ಇನಾಸ್ ಗಾಡಿ ನಿಲ್ಲಿಸಲಿಲ್ಲ.

ಗೋರಿಯ ಬಳಿ ಲುಯಿಜಾ ಪಾದ್ರಿಯ ಕಾಲಿಗೆ ಬಿದ್ದಳು. "ತಪ್ಪಾಯ್ತು ಫಾದರ್." ಅವರು ಅವಳ ತಲೆ ಮುಟ್ಟಿ ಎಬ್ಬಿಸಿದರು. ಇನಾಸ್ ಮಣ್ಣಿಗೆ ಮಂಡಿಯೂರಿದ. ಈಗ ದನಿ ಕೆಳಗಿನಿಂದಲೇ ಕೇಳಿತು: ಪಾದ್ರಿ ಬಂದ್ರಾ?

"ಬಂದ್ರು ಮಾಮ," ಎಂದವನಿಗೆ ಅಳು ತಡೆಯಲಾಗಲಿಲ್ಲ.

ಪ್ರಾರ್ಥನೆ ಮುಗಿಯುವವರೆಗೂ ಲುಯಿಜಾ ಅವನತ್ತ ನೋಡಲಿಲ್ಲ. ಆಮೇಲೆ ಅರ್ಜಿ ತೆಗೆದು, ಶಿರಸಿ ಎಂಬುದನ್ನು ಹೊಡೆದುಹಾಕಿ ಯಲ್ಲಾಪುರ ಎಂದು ಬರೆದಳು.

"ಸಿಟ್ಟು ಇಳೀಲಿಲ್ಲ, ತಿಳೀತಾ?" ಪೆನ್ನು ಅವನತ್ತ ಚಾಚಿದಳು. "ತಕರಾರು ತೆಗೀಲಿಕ್ಕೆ ಮೂರು ಭಾನುವಾರ ಉಂಟು ನಂಗೆ. ಈಗ ಸಹಿ ಹಾಕು."

ಇನಾಸ್ ಹಾಕಿದ.